ನಾಲ್ಕಡಿ ಹಲಗೆಯ ಮೇಲೊಂದು ರೈಲು: ಕಾಟೊ ಯೂನಿಟ್ರ್ಯಾಕ್ ಮತ್ತು ಹಳಿ ನಕ್ಷೆಯ ಆಯ್ಕೆ

ಸಾಗರದ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಅಡಿಕೆ ಚೀಲಗಳನ್ನು ಮೂಲೆಗೆ ಸರಿಸಿ, ನಾಲ್ಕಡಿ ಉದ್ದ, ಎರಡಡಿ ಅಗಲದ ಪ್ಲೈವುಡ್ ಹಲಗೆಯೊಂದನ್ನು ಎರಡು ಸ್ಟೂಲುಗಳ ಮೇಲೆ ಮಲಗಿಸಿ, ಜಪಾನಿನ ಕಾಟೊ ಕಂಪನಿಯ ಯೂನಿಟ್ರ್ಯಾಕ್ ಎಂಬ ಮಾದರಿ ರೈಲು ಹಳಿಗಳ, ಎನ್ ಸ್ಕೇಲಿನ (ನಿಜದ 160ರಲ್ಲಿ ಒಂದು ಪಾಲು ಅಳತೆಯ) ಆರಂಭಿಕ ಸೆಟ್ಟನ್ನು ಅದರ ಮೇಲೆ ಜೋಡಿಸಲು ಕುಳಿತ ಸಂಜೆಯೇ ನನಗೆ ಮೊದಲ ಪಾಠವಾಯಿತು. ಬಾಗಿದ ನಾಲ್ಕು ತುಂಡುಗಳನ್ನು ಒಂದಕ್ಕೊಂದು ಸಿಕ್ಕಿಸಿ ಅರ್ಧವೃತ್ತ ಮಾಡಿ ಹಲಗೆಯ ಮೇಲಿಟ್ಟರೆ ಅದು ಹಲಗೆಯಲ್ಲಿ ಹಿಡಿಯಲೇ ಇಲ್ಲ. ಒಂದು ಬದಿಯನ್ನು ಅಂಚಿಗೆ ಸರಿಯಾಗಿ ಕೂಡಿಸಿದರೆ ಇನ್ನೊಂದು ಬದಿ ನಾಲ್ಕೂವರೆ ಸೆಂಟಿಮೀಟರ್ ಹೊರಗೆ ಚಾಚಿಕೊಂಡು ಗಾಳಿಯಲ್ಲಿ ನಿಂತಿತು. ಸೆಟ್ಟಿನ ಬಾಗುಗಳ ತ್ರಿಜ್ಯ 315 ಮಿಲಿಮೀಟರ್. ಅಂದರೆ ಹಳಿಯ ನಡುಗೆರೆಯಿಂದ ನಡುಗೆರೆಗೆ 630, ಹಳಿಯ ಕೆಳಗಿನ ಜಲ್ಲಿಹಾಸಿನ ಅಗಲ 25 ಸೇರಿದರೆ 655. ಎರಡಡಿ ಎಂದರೆ 610. ಕೋಣೆಯನ್ನು ಅಳೆದಿದ್ದೆ, ಹಲಗೆಯನ್ನು ಅಳೆದಿದ್ದೆ, ಹಳಿಯನ್ನು ಮಾತ್ರ ಅಳೆದಿರಲಿಲ್ಲ. ತ್ರಿಜ್ಯವನ್ನು ಕಂಪನಿಯವರು ಮುಚ್ಚಿಟ್ಟಿರಲಿಲ್ಲವಾದ್ದರಿಂದ ದೂರುವುದಕ್ಕೂ ಯಾರೂ ಸಿಗಲಿಲ್ಲ.

ಹಾಗಾಗಿ ಈ ವಿಮರ್ಶೆಯಲ್ಲಿ ಹಳಿಯ ಗುಣಮಟ್ಟಕ್ಕಿಂತ, ಆ ಹಳಿಯಿಂದ ಚಿಕ್ಕ ಜಾಗದಲ್ಲಿ ಏನನ್ನು ಕಟ್ಟಬೇಕು ಎಂಬುದರ ಬಗ್ಗೆಯೇ ಹೆಚ್ಚು ಬರೆಯುತ್ತೇನೆ. ಗುಣಮಟ್ಟದ ವಿಷಯ ಎರಡು ಮಾತಿನಲ್ಲಿ ಮುಗಿಯುತ್ತದೆ. ಯೂನಿಟ್ರ್ಯಾಕಿನಲ್ಲಿ ಹಳಿ, ಸ್ಲೀಪರು, ಜಲ್ಲಿಹಾಸು ಎಲ್ಲವೂ ಒಂದೇ ತುಂಡಾಗಿ ಅಚ್ಚಾಗಿರುತ್ತವೆ. ತುದಿಯ ಕೊಂಡಿಗಳು ಟಕ್ ಎಂದು ಕೂಡಿಕೊಳ್ಳುತ್ತವೆ. ನೂರು ಸಲ ಬಿಚ್ಚಿ ಜೋಡಿಸಿದರೂ ಸಡಿಲವಾಗಿಲ್ಲ. ನಿಕ್ಕಲ್ ಸಿಲ್ವರ್ ಹಳಿಯಾದ್ದರಿಂದ ನಮ್ಮ ಮಳೆಗಾಲದ ತೇವಕ್ಕೂ ತುಕ್ಕು ಹಿಡಿಯುವುದಿಲ್ಲ. ನಕ್ಷೆ ಒಂದೇ ಸಲಕ್ಕೆ ಸರಿಯಾಗುವುದಿಲ್ಲ ಎಂಬುದು ಗೊತ್ತಿರುವವರಿಗೆ, ಮೊಳೆ ಹೊಡೆಯದೆ, ಅಂಟು ಹಾಕದೆ ನಾಲ್ಕಾರು ತಿಂಗಳು ಹಳಿಯನ್ನು ಅತ್ತಿತ್ತ ಹೊರಳಿಸಿ ನೋಡುವ ಈ ಸ್ವಾತಂತ್ರ್ಯವೇ ದೊಡ್ಡದು. ಬೇಕಾದ ಹಾಗೆ ಬಗ್ಗಿಸಬಹುದಾದ ಫ್ಲೆಕ್ಸ್ ಹಳಿಯಲ್ಲಿ ನೋಟಕ್ಕೆ ಹೆಚ್ಚು ನಯ ಬರುತ್ತದೆ, ನಿಜ. ಆದರೆ ಮೊದಲ ಸಲ ಕೈ ಹಾಕುವವರು ಅದನ್ನು ಕೊಳ್ಳಬೇಕೆಂದು ನಾನು ಹೇಳಲಾರೆ.

ಸ್ಕೇಲಿನ ಆಯ್ಕೆಯಲ್ಲಿಯೂ ನನಗೆ ಹೆಚ್ಚು ಯೋಚನೆ ಬೇಕಾಗಲಿಲ್ಲ. 1:87ರ ಎಚ್‌ಒ ಸ್ಕೇಲಿನಲ್ಲಿ ನಮ್ಮ ಒಂದು ಐಸಿಎಫ್ ಬೋಗಿ (ಚೆನ್ನೈ ಕಾರ್ಖಾನೆಯ ಮಾಮೂಲಿ ಪ್ರಯಾಣಿಕರ ಬೋಗಿ) 25 ಸೆಂಟಿಮೀಟರಿಗಿಂತ ಉದ್ದವಾಗುತ್ತದೆ. ನಾಲ್ಕಡಿ ಹಲಗೆಯ ಮೇಲೆ ಅಂಥ ನಾಲ್ಕು ಬೋಗಿ ನಿಲ್ಲಿಸಿದರೆ ಓಡುವುದಕ್ಕೆ ಜಾಗವೇ ಉಳಿಯುವುದಿಲ್ಲ. 1:160ರ ಎನ್ ಸ್ಕೇಲಿನಲ್ಲಿ ಅದೇ ಬೋಗಿ 139 ಮಿಲಿಮೀಟರಿಗೆ ಇಳಿಯುತ್ತದೆ, ಡಬ್ಲ್ಯೂಡಿಎಂ-2 ಡೀಸೆಲ್ ಎಂಜಿನ್ 107ಕ್ಕೆ. ಹಳಿಯ ಗೇಜು, ಅಂದರೆ ಎರಡು ಕಂಬಿಗಳ ನಡುವಿನ ಅಂತರ, 9 ಮಿಲಿಮೀಟರ್ ಇರುವುದರಿಂದ ಅದು ವಾಸ್ತವದಲ್ಲಿ ವಿದೇಶಗಳ ಸ್ಟ್ಯಾಂಡರ್ಡ್ ಗೇಜು. ನಮ್ಮ 1676 ಮಿಲಿಮೀಟರಿನ ಬ್ರಾಡ್‌ಗೇಜಿಗೆ ಹತ್ತೂವರೆ ಬೇಕಾಗುತ್ತದೆ. ಈ ಒಂದೂವರೆ ಮಿಲಿಮೀಟರಿನ ವ್ಯತ್ಯಾಸವನ್ನು ಕಣ್ಣು ಬೇಗ ಮರೆಯುತ್ತದೆ. ತಾಳಗುಪ್ಪ ಮಾರ್ಗದಲ್ಲಿ ರೈಲುಬಸ್ ಓಡುತ್ತಿದ್ದ ಮೀಟರ್‌ಗೇಜ್ ಕಾಲವನ್ನೇ ಕಟ್ಟಬೇಕೆನ್ನುವ ಹಳಬರಿದ್ದರೆ, ಝಡ್ ಸ್ಕೇಲಿನ 6.5 ಮಿಲಿಮೀಟರ್ ಹಳಿ ಅವರ ಲೆಕ್ಕಕ್ಕೆ ಹೆಚ್ಚು ಕಡಿಮೆ ಸರಿಹೋಗುತ್ತದೆ. ಗಾಡಿಯನ್ನು ಮಾತ್ರ ಸ್ವಂತ ಕೈಯಲ್ಲೇ ಮಾಡಿಕೊಳ್ಳಬೇಕು.

ಅಂಡಾಕಾರದ ನಕ್ಷೆಯ ವಿಷಯಕ್ಕೆ ಬರೋಣ. ಎಲ್ಲ ಸೆಟ್ಟುಗಳೂ ಕೊಡುವುದು ಅದನ್ನೇ, ಎಲ್ಲ ಮಕ್ಕಳೂ ಕೇಳುವುದೂ ಅದನ್ನೇ. ಎರಡಡಿ ಹಲಗೆಯಲ್ಲಿ ಕೂರಬೇಕಾದರೆ 249 ಮಿಲಿಮೀಟರ್ ತ್ರಿಜ್ಯದ ಬಾಗು ಬೇಕು. 282 ತ್ರಿಜ್ಯದ್ದೂ ಕೂರುತ್ತದೆ, ಆದರೆ ಜಲ್ಲಿಹಾಸು ಕಳೆದು ಎರಡೂ ಕಡೆ ಒಂದೊಂದು ಸೆಂಟಿಮೀಟರ್ ಮಾತ್ರ ಉಳಿಯುತ್ತದೆ. ಹಳಿ ತಪ್ಪಿದ ಎಂಜಿನ್ ನೇರವಾಗಿ ನೆಲಕ್ಕೆ ಬೀಳುತ್ತದೆ. 249ರ ಬಾಗು ಹಾಕಿ, ಅಂಚಿಗೆ ಎರಡೂವರೆ ಸೆಂಟಿಮೀಟರ್ ಬಿಟ್ಟು ಲೆಕ್ಕ ಹಾಕಿದರೆ, ಉದ್ದದ ಬದಿಯಲ್ಲಿ ನೇರ ಹಳಿಗೆ ಸಿಗುವುದು ಸುಮಾರು 620 ಮಿಲಿಮೀಟರ್, ಅಂದರೆ 248ರ ಎರಡು ತುಂಡು ಮತ್ತು 124ರ ಒಂದು ತುಂಡು. ಇಡೀ ಸುತ್ತಿನ ಉದ್ದ 2.8 ಮೀಟರ್. ಗಂಟೆಗೆ 60 ಕಿಲೋಮೀಟರ್ ವೇಗವನ್ನು 160ರಿಂದ ಭಾಗಿಸಿ ಆ ವೇಗದಲ್ಲಿ ಗಾಡಿ ಬಿಟ್ಟರೆ ಅದು 27 ಸೆಕೆಂಡಿಗೊಮ್ಮೆ ನಿಮ್ಮ ಮುಂದೆ ಹಾದುಹೋಗುತ್ತದೆ. ಗಾಣದ ಎತ್ತಿನ ನೆನಪಾಗಲು ನನಗೆ ಹತ್ತು ನಿಮಿಷವೂ ಬೇಕಾಗಲಿಲ್ಲ.

ಆಗ ಯಾರಿಗಾದರೂ ಹೊಳೆಯುವುದು, ನೇರ ಬದಿಯಲ್ಲಿ ಮುಖ್ಯ ಹಳಿಯಿಂದ ಕವಲೊಡೆದು ಮತ್ತೆ ಅದಕ್ಕೇ ಸೇರುವ ಒಂದು ಲೂಪ್ ಹಾಕಿ ಎರಡು ಗಾಡಿಗಳ ಕ್ರಾಸಿಂಗ್ ಮಾಡಿಸೋಣ ಎಂಬ ಉಪಾಯ. ಇಲ್ಲಿ ಪಾಯಿಂಟುಗಳ, ಅಂದರೆ ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಕವಲು ತುಂಡುಗಳ, ಅಳತೆ ತಿಳಿದಿರಲೇಬೇಕು. ಯೂನಿಟ್ರ್ಯಾಕಿನಲ್ಲಿ ಎರಡು ಬಗೆಯ ಪಾಯಿಂಟುಗಳಿವೆ: 481 ಮಿಲಿಮೀಟರ್ ತ್ರಿಜ್ಯದ ನಾಲ್ಕನೇ ನಂಬರಿನದು, 718 ತ್ರಿಜ್ಯದ ಆರನೇ ನಂಬರಿನದು. ಎರಡೂ 15 ಡಿಗ್ರಿ ತಿರುಗುತ್ತವೆ. ತಿರುಗಿದ ಹಳಿಯನ್ನು ಮತ್ತೆ ಮುಖ್ಯ ಹಳಿಗೆ ಸಮಾನಾಂತರ ಮಾಡುವಷ್ಟರಲ್ಲಿ ಮೊದಲನೆಯದು 248 ಮಿಲಿಮೀಟರ್ ಉದ್ದವನ್ನೂ ಎರಡನೆಯದು 372 ಮಿಲಿಮೀಟರ್ ಉದ್ದವನ್ನೂ ತಿನ್ನುತ್ತದೆ. ಲೂಪಿಗೆ ಎರಡು ತುದಿ. ಆರನೇ ನಂಬರಿನವನ್ನು ಹಾಕಿದರೆ 744 ಬೇಕು, ನಮ್ಮಲ್ಲಿರುವುದು 620. ಅಲ್ಲಿಗೆ ಆ ಮಾತು ಮುಗಿಯಿತು. ನಾಲ್ಕನೇ ನಂಬರಿನವನ್ನು ಹಾಕಿದರೆ 496 ಹೋಗಿ, ಸಮಾನಾಂತರವಾಗಿ ಉಳಿಯುವುದು 124 ಮಿಲಿಮೀಟರ್. ಅಷ್ಟರಲ್ಲಿ ಡಬ್ಲ್ಯೂಡಿಎಂ-2 ಎಂಜಿನ್ ಒಂದೇ ನಿಲ್ಲುತ್ತದೆ, ಹಿಂದೆ ಒಂದು ಬೋಗಿಗೂ ಜಾಗವಿಲ್ಲ. ಕಾಗದದ ಮೇಲಿನ ಚಿಕ್ಕ ಚಿತ್ರದಲ್ಲಿ ಆ ಲೂಪ್ ಅರಸಾಳು ನಿಲ್ದಾಣದ ಹಾಗೆ ಎಷ್ಟು ಚೆನ್ನಾಗಿ ಕಾಣುತ್ತಿತ್ತೆಂದರೆ, ಹಳಿ ತುಂಡುಗಳನ್ನೇ ನೆಲದ ಮೇಲೆ ಇಟ್ಟು ನೋಡುವವರೆಗೆ ನಾನು ಈ ಲೆಕ್ಕವನ್ನು ನಂಬಲಿಲ್ಲ.

ಹೀಗಾಗಿ ನಕ್ಷೆಗಿಂತ ಮೊದಲು ಗಾಡಿಯ ಉದ್ದವನ್ನು ನಿರ್ಧರಿಸಬೇಕೆಂಬುದು ನನ್ನ ಅಭಿಪ್ರಾಯ. ಮೂರು ಬೋಗಿ, ಒಂದು ಎಂಜಿನ್ ಎಂದರೆ 524 ಮಿಲಿಮೀಟರ್. ಆ ಸಂಖ್ಯೆಯನ್ನು ಗೋಡೆಯ ಮೇಲೆ ಬರೆದಿಟ್ಟುಕೊಂಡು, ಸಿಕ್ಕ ಪ್ರತಿ ನಕ್ಷೆಯ ಪ್ರತಿ ಲೂಪಿಗೂ ಪ್ರತಿ ಸೈಡಿಂಗಿಗೂ (ಗಾಡಿ ನಿಲ್ಲಿಸುವ ಪಕ್ಕದ ಕವಲು ಹಳಿಗೂ) ಹಿಡಿದು ನೋಡಿದರೆ, ಚೆಂದದ ನಕ್ಷೆಗಳಲ್ಲಿ ಮುಕ್ಕಾಲು ಪಾಲು ತಾವಾಗಿಯೇ ಉದುರಿಹೋಗುತ್ತವೆ.

ಬೆಟ್ಟದ ಸೀಮೆಯವರಾದ ನಮಗೆ ಇನ್ನೊಂದು ಆಸೆ, ಹಳಿಯ ಮೇಲೆ ಹಳಿ ಹಾಯುವ ಎಂಟರಾಕಾರದ ನಕ್ಷೆಯದು. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ 57 ಸುರಂಗಗಳ ಹಾದಿಯನ್ನು ಒಮ್ಮೆ ನೋಡಿದವರಿಗೆ ಸಪಾಟಾದ ಹಲಗೆ ಹಿಡಿಸುವುದು ಕಷ್ಟ. ಆ ಘಾಟಿಯ ಏರು 50ಕ್ಕೆ 1. ಕೆಳಗಿನ ಗಾಡಿ ಮೇಲಿನ ಹಳಿಗೆ ತಾಗದೆ ಹಾಯಲು ಎನ್ ಸ್ಕೇಲಿನಲ್ಲಿ ಐದು ಸೆಂಟಿಮೀಟರ್ ಎತ್ತರ ಬೇಕು. 50ಕ್ಕೆ 1ರ ಏರಿನಲ್ಲಿ ಅಷ್ಟು ಹತ್ತಲು ಎರಡೂವರೆ ಮೀಟರ್, ಇಳಿಯಲು ಮತ್ತೆ ಎರಡೂವರೆ ಮೀಟರ್. ನಮ್ಮ ಅಂಡಾಕಾರದ ಸುತ್ತೇ 2.8 ಮೀಟರ್ ಇರುವಾಗ, ಅರ್ಧ ಏರಿ ಅರ್ಧ ಇಳಿಸಿದರೆ ಏರು 28ಕ್ಕೆ 1 ಆಗುತ್ತದೆ. ಬಾಗಿನ ಎಳೆತವೂ ಸೇರಿ, ಹಗುರವಾದ ಎಂಜಿನ್ ಮೂರು ಬೋಗಿಗಳನ್ನು ಹೊತ್ತು ಅಲ್ಲಿ ಚಕ್ರ ಜಾರಿಸುತ್ತಾ ನಿಂತುಬಿಡುತ್ತದೆ. ಬಾಗಿನ ಕಥೆಯೂ ಇಂಥದ್ದೇ. ನಮ್ಮ ಬ್ರಾಡ್‌ಗೇಜಿನಲ್ಲಿ ಅನುಮತಿ ಇರುವ ಅತಿ ತೀಕ್ಷ್ಣ ಬಾಗು 10 ಡಿಗ್ರಿ, ಅಂದರೆ 175 ಮೀಟರ್ ತ್ರಿಜ್ಯ. ಅದನ್ನು 160ರಿಂದ ಭಾಗಿಸಿದರೆ 1094 ಮಿಲಿಮೀಟರ್. ಒಂದು ಸುತ್ತಿಗೆ ಏಳಡಿಗೂ ಮೀರಿದ ಹಲಗೆ ಬೇಕಾಗುತ್ತದೆ. ನಾಲ್ಕಡಿಗೆ ಎರಡಡಿಯ ಅಂಡಾಕಾರ ಎಷ್ಟೇ ಅಚ್ಚುಕಟ್ಟಾಗಿದ್ದರೂ ಅದರ ಬಾಗು ಆಟಿಕೆಯ ಬಾಗೇ. ಅದನ್ನು ಗುಡ್ಡದ ಅಡಿ ಮರೆಮಾಡುವುದೊಂದೇ ದಾರಿ.

ಗುಡ್ಡದ ಅಡಿ ಮರೆಮಾಡುವ ಪ್ರಯೋಗವನ್ನೂ ನಾನು ಮಾಡಿದ್ದೇನೆ. ಥರ್ಮೋಕೋಲಿನ ಗುಡ್ಡ ಕಟ್ಟಿ, ಮೇಲೆ ಮರದ ಪುಡಿಗೆ ಹಸಿರು ಬಣ್ಣ ಹಚ್ಚಿ ಉದುರಿಸಿ, ಎರಡು ವಾರ ಊರಿಗೆ ಹೋಗಿ ಬಂದು ನೋಡಿದರೆ ಗಾಡಿ ಸುರಂಗದೊಳಗೆ ಹೋಗಿ ಹೊರಗೆ ಬರಲೇ ಇಲ್ಲ. ಟಾರ್ಚ್ ಹಾಕಿ ಬಗ್ಗಿ ನೋಡಿದಾಗ, ಹಳಿಯ ಬದಿಗೆ ಅಂಟಿಕೊಂಡಂತೆ ಕಣಜವೊಂದು ಹೆಬ್ಬೆರಳ ಗಾತ್ರದ ಮಣ್ಣಿನ ಗೂಡು ಕಟ್ಟಿತ್ತು. ಎಂಜಿನ್ ಅದಕ್ಕೆ ಮೂತಿಯೊತ್ತಿ ಗುರುಗುಡುತ್ತಿತ್ತು. ಸುರಂಗಕ್ಕೆ ಹಿಂದಿನಿಂದ ಕೈ ಹಾಕಲು ದಾರಿ ಇರಬೇಕೆಂದು ಎಲ್ಲರೂ ಹೇಳುತ್ತಾರೆ. ಮಲೆನಾಡಿನಲ್ಲಿ ಗುಡ್ಡವನ್ನು ಇಡಿಯಾಗಿ ಎತ್ತಿ ತೆಗೆಯುವಂತೆಯೇ ಮಾಡಬೇಕು.

ಗಾಡಿ ತಾನು ಬಂದ ಹಳಿಗೇ ಹಿಂದಿರುಗಿ ಸೇರುವ ಕುಣಿಕೆಯಿರುವ ನಕ್ಷೆಗಳ ಬಗ್ಗೆ ಒಂದೇ ಎಚ್ಚರಿಕೆ: ಎರಡು ಹಳಿಗಳಲ್ಲಿ ಧನ, ಋಣ ವಿದ್ಯುತ್ ಹರಿಯುವ ವ್ಯವಸ್ಥೆಯಲ್ಲಿ ಅಂಥ ಕುಣಿಕೆ ಹಾಕಿದರೆ ಎಡ ಹಳಿ ಬಲ ಹಳಿಯನ್ನು ಮುಟ್ಟಿ ಶಾರ್ಟ್ ಆಗುತ್ತದೆ. ಎರಡು ಕಡೆ ಹಳಿಯನ್ನು ಕತ್ತರಿಸಿ ನಿರೋಧಕ ಕೊಂಡಿ ಹಾಕಿ, ಪ್ರತ್ಯೇಕ ಸ್ವಿಚ್ ಇಡಬೇಕು. ಮೊದಲ ನಕ್ಷೆಗೆ ಇದು ಬೇಡ.

ಕೊನೆಗೆ ನಾನು ಮಾಡಿದ್ದು, ಅಂಡಾಕಾರವನ್ನೇ ಕೈಬಿಟ್ಟದ್ದು. ಎರಡಡಿ ಅಗಲದ ಹಲಗೆಯನ್ನು ಉದ್ದಕ್ಕೆ ಸೀಳಿಸಿ ಒಂದಡಿಯ ಎರಡು ಹಲಗೆ ಮಾಡಿ, ಗೋಡೆಯ ಉದ್ದಕ್ಕೆ ಒಂದರ ಮುಂದೊಂದು ಇಟ್ಟೆ. ಹಲಗೆಯ ವಿಸ್ತೀರ್ಣ ಅಷ್ಟೇ. ಸಿಕ್ಕಿದ್ದು ಎಂಟಡಿ ಉದ್ದದ ನೇರ ಓಟ. ಒಂದು ಹಲಗೆಯಲ್ಲಿ ತಾಳಗುಪ್ಪದಂಥ ಕೊನೆಯ ನಿಲ್ದಾಣ, ಇನ್ನೊಂದರಲ್ಲಿ ಮೂರು ಹಳಿಗಳ ಮರೆಯಾದ ಯಾರ್ಡು. ಈ ಹವ್ಯಾಸದವರು ಫಿಡ್ಲ್ ಯಾರ್ಡ್ ಎನ್ನುವ ಈ ಎರಡನೆಯ ಭಾಗ ನಮ್ಮ ಯಕ್ಷಗಾನದ ಚೌಕಿ ಇದ್ದ ಹಾಗೆ. ವೇಷಗಳು ಅಲ್ಲಿ ಸಿದ್ಧವಾಗಿ ಕಾಯುತ್ತವೆ, ಸರದಿ ಬಂದಾಗ ರಂಗಸ್ಥಳಕ್ಕೆ ಬರುತ್ತವೆ, ತಮ್ಮ ಭಾಗ ಮುಗಿಸಿ ಹಿಂದೆ ಸರಿಯುತ್ತವೆ. ಚೌಕಿಯ ಅಂದಚೆಂದವನ್ನು ಯಾರೂ ಕೇಳುವುದಿಲ್ಲ. ನಮ್ಮ ಮನೆಯಲ್ಲಿ ಅದನ್ನು ಈಗ ಚೌಕಿಯೆಂದೇ ಕರೆಯುತ್ತೇವೆ.

ಕೊನೆಯ ನಿಲ್ದಾಣದ ನಕ್ಷೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಯೂನಿಟ್ರ್ಯಾಕಿನ ಅಳತೆಗಳು ಇಲ್ಲಿ ಅಚ್ಚು ಹಾಕಿದಂತೆ ಕೂಡಿದವು. ಕೊನೆಯ ನಿಲ್ದಾಣಕ್ಕೆ ಬಂದ ಎಂಜಿನ್ ತನ್ನ ಬೋಗಿಗಳನ್ನು ಬಿಟ್ಟು, ಪಕ್ಕದ ಹಳಿಯಲ್ಲಿ ಹಿಂದಕ್ಕೆ ಹೋಗಿ, ಇನ್ನೊಂದು ತುದಿಗೆ ಕೂಡಿಕೊಳ್ಳಬೇಕು. ಅದಕ್ಕಾಗಿ ಪ್ಲಾಟ್‌ಫಾರ್ಮಿನ ಹಳಿಗೆ ಸಮಾನಾಂತರವಾಗಿ ಮೂರು ಬೋಗಿ ಹಿಡಿಸುವ ಲೂಪ್ ಬೇಕು, ಅಂದರೆ 417 ಮಿಲಿಮೀಟರ್. 248 ಮತ್ತು 186ರ ಎರಡು ತುಂಡು ಸೇರಿದರೆ 434. ಎರಡು ತುದಿಯ ಪಾಯಿಂಟುಗಳಿಗೆ 248ರಂತೆ 496. ಎಂಜಿನ್ ಮುಂದೆ ಹೋಗಿ ನಿಂತು ತಿರುಗಲು ತುದಿಯಲ್ಲಿ 124ರ ಒಂದು ತುಂಡು, 107ರ ಎಂಜಿನ್ನಿಗೆ ಸಾಕು. ಒಟ್ಟು 1054. ನಾಲ್ಕಡಿ ಎಂದರೆ 1219. ತುದಿಯ ಮಣ್ಣಿನ ದಿಬ್ಬಕ್ಕೂ ಹಲಗೆಗಳ ಸಂಧಿಗೂ ಬೇಕಾದಷ್ಟು ಉಳಿಯುತ್ತದೆ. ಇದೇ ಲೂಪು ಅಂಡಾಕಾರದ ಬದಿಯಲ್ಲಿ ಒಂದು ಎಂಜಿನ್ನಿಗೆ ಮಾತ್ರ ಜಾಗ ಕೊಟ್ಟಿತ್ತು ಎಂಬುದನ್ನು ಗಮನಿಸಬೇಕು. ಇನ್ನೊಂದು ಸಂತೋಷದ ವಿಷಯವೆಂದರೆ, ನಾಲ್ಕನೇ ನಂಬರಿನ ಪಾಯಿಂಟುಗಳು ಎರಡು ಹಳಿಗಳ ನಡುವೆ ಕೊಡುವ ಅಂತರ 33 ಮಿಲಿಮೀಟರ್. ಅದನ್ನು 160ರಿಂದ ಗುಣಿಸಿದರೆ 5.28 ಮೀಟರ್. ನಮ್ಮ ರೈಲ್ವೆ ಹೊಸ ಜೋಡಿ ಹಳಿಗಳ ನಡುವೆ ಇಡುವ ಅಂತರ 5.3 ಮೀಟರ್. ಆರನೇ ನಂಬರಿನವು ಸುಮಾರು 49 ಮಿಲಿಮೀಟರ್ ಅಂತರ ಬಿಡುತ್ತವೆ. ಅವು ಓಡುವ ಗಾಡಿಗೆ ನಯವಾದವು, ಆದರೆ ಚಿಕ್ಕ ಹಲಗೆಯ ನಿಲ್ದಾಣವನ್ನು ಅನಗತ್ಯವಾಗಿ ಹರವುತ್ತವೆ.

ಪ್ರಯಾಣಿಕರ ಗಾಡಿ ಬಂದು ಹೋಗುವುದು ಐದು ನಿಮಿಷದ ಕೆಲಸ. ಉಳಿದ ಹೊತ್ತಿಗೆ ಶಂಟಿಂಗ್, ಅಂದರೆ ವ್ಯಾಗನ್‌ಗಳನ್ನು ಹಳಿಯಿಂದ ಹಳಿಗೆ ಸರಿಸಿ ಜೋಡಿಸುವ ಕೆಲಸ, ಬೇಕು. ಇದಕ್ಕೆ ಇಂಗ್ಲೆಂಡಿನ ಅಲನ್ ರೈಟ್ ರೂಪಿಸಿದ ಇಂಗಲ್‌ನುಕ್ ಎಂಬ ನಕ್ಷೆಯನ್ನು ಮೀರಿದ್ದು ನನಗೆ ಕಂಡಿಲ್ಲ. ಪಾಯಿಂಟು ಎರಡೇ, ಸೈಡಿಂಗ್ ಮೂರು: ಒಂದರಲ್ಲಿ ಐದು ವ್ಯಾಗನ್ ಹಿಡಿಸಬೇಕು, ಉಳಿದೆರಡರಲ್ಲಿ ಮೂರು ಮೂರು, ಎಂಜಿನ್ ನಿಲ್ಲುವ ಕಡೆ ಎಂಜಿನ್ನಿನ ಜೊತೆ ಮೂರು ವ್ಯಾಗನ್. ಎಂಟು ವ್ಯಾಗನ್‌ಗಳನ್ನು ಹರಡಿ, ಚೀಟಿ ಎತ್ತಿ ಐದನ್ನು ಆರಿಸಿ, ಎತ್ತಿದ ಕ್ರಮದಲ್ಲೇ ಅವನ್ನು ಉದ್ದದ ಸೈಡಿಂಗಿನಲ್ಲಿ ಜೋಡಿಸಬೇಕು. ಎಂಟರಲ್ಲಿ ಐದನ್ನು ಕ್ರಮವಾಗಿ ಆರಿಸುವ ಬಗೆಗಳು 6720. ನಮ್ಮ ಬಾಕ್ಸ್‌ಎನ್ ವ್ಯಾಗನ್ನಿನ ಉದ್ದ 10.7 ಮೀಟರ್, ಎನ್ ಸ್ಕೇಲಿನಲ್ಲಿ 67 ಮಿಲಿಮೀಟರ್. ಐದಕ್ಕೆ 335, ಮೂರಕ್ಕೆ 201. ಹೀಗೆ ಇಡೀ ಆಟ ನಾಲ್ಕಡಿಯೊಳಗೆ ಮುಗಿಯುತ್ತದೆ. ನಾನು ಇದನ್ನು ನಿಲ್ದಾಣದ ಲೂಪಿನಿಂದಲೇ ಕವಲೊಡೆಸಿ, ಭದ್ರಾವತಿಯಲ್ಲಿ 1923ರಿಂದ ಇರುವ ಕಬ್ಬಿಣದ ಕಾರ್ಖಾನೆಯ ಸೈಡಿಂಗ್ ತಾಳಗುಪ್ಪಕ್ಕೆ ಬಂದಿದೆಯೆಂದು ಕಲ್ಪಿಸಿಕೊಂಡಿದ್ದೇನೆ. ಭೂಗೋಳ ಬಲ್ಲವರು ಕ್ಷಮಿಸಬೇಕು.

ಅಣ್ಣನ ಮಗ ಬಂದಾಗ ಅಡಕತ್ತರಿ ಇಡುವ ಹಳೆಯ ತಟ್ಟೆಯಲ್ಲಿ ಎಂಟು ಚೀಟಿ ಹಾಕಿ ಕುಲುಕುತ್ತಾನೆ, ನಾನು ಐದನ್ನು ಎತ್ತುತ್ತೇನೆ. ವ್ಯಾಗನ್‌ಗಳ ಕೊಂಡಿ ಬಿಡಿಸಲು ಊದುಬತ್ತಿಯ ಬಿದಿರ ಕಡ್ಡಿಯ ತುದಿಯನ್ನು ಚಪ್ಪಟೆಯಾಗಿ ಕೆತ್ತಿಕೊಂಡಿದ್ದೇವೆ. ಎರಡು ವ್ಯಾಗನ್ ನಡುವೆ ಮೆಲ್ಲಗೆ ಇಳಿಸಿ ಅರ್ಧ ಸುತ್ತು ತಿರುಗಿಸಿದರೆ ಕೊಂಡಿ ಮೇಲೆದ್ದು ಬಿಡುತ್ತದೆ. ಹಲಗೆ ಒಂದಡಿ ಅಗಲವಾದ್ದರಿಂದ ಹಿಂದಿನ ಸೈಡಿಂಗಿಗೂ ಕೈ ಸಲೀಸಾಗಿ ಎಟುಕುತ್ತದೆ. ಸಾಮಾನ್ಯವಾಗಿ ಒಂದು ಆಟಕ್ಕೆ ಕಾಲು ಗಂಟೆ ಹಿಡಿಯುತ್ತದೆ, ಇಬ್ಬರೂ ತಲೆ ಕೆರೆದುಕೊಳ್ಳುವ ಚೀಟಿ ಬಂದರೆ ಅರ್ಧ ಗಂಟೆ. ಅಮೆರಿಕದ ಜಾನ್ ಆಲನ್ ಅವರ ಟೈಮ್‌ಸೇವರ್ ನಕ್ಷೆಯೂ ಇದೇ ಜಾತಿಯ ಒಗಟು, ಆದರೆ ಅದಕ್ಕೆ ಪಾಯಿಂಟು ಐದು ಬೇಕು. ಈ ಹಳಿಯ ಸಂಸಾರದಲ್ಲಿ ದುಬಾರಿ ವಸ್ತುವೆಂದರೆ ಪಾಯಿಂಟೇ. ಸೆಟ್ಟಿನ ಬೆಲೆ ನೋಡಿ ಕೊಳ್ಳಲು ಹೋಗುವವರು, ತಮ್ಮ ನಕ್ಷೆಯಲ್ಲಿ ಪಾಯಿಂಟುಗಳೆಷ್ಟಿವೆ ಎಂದು ಎಣಿಸಿ ಆಮೇಲೆ ಜೇಬು ಮುಟ್ಟಿ ನೋಡಿಕೊಳ್ಳುವುದು ಒಳ್ಳೆಯದು. ನನ್ನ ನಕ್ಷೆಗೆ ನಿಲ್ದಾಣದಲ್ಲಿ ನಾಲ್ಕು, ಚೌಕಿಯಲ್ಲಿ ಎರಡು, ಒಟ್ಟು ಆರು ಬೇಕಾದವು. ಆರಂಭಿಕ ಅಂಡಾಕಾರದ ಸೆಟ್ಟಿನಲ್ಲಿ ಒಂದೂ ಇರಲಿಲ್ಲ.

ಹಲಗೆಯ ವಿಷಯದಲ್ಲಿ ಒಂದು ಕಹಿ ಅನುಭವವನ್ನು ಹೇಳಲೇಬೇಕು. ನೀರಿಗೆ ತಡೆಯುವ ಐಎಸ್ 710 ದರ್ಜೆಯ ಪ್ಲೈವುಡ್ ಬೇಕೆಂದು ಕೇಳಿ, ಅದರ ದುಡ್ಡನ್ನೇ ಕೊಟ್ಟು ತಂದಿದ್ದೆ. ಆಷಾಢ ಮುಗಿಯುವಷ್ಟರಲ್ಲಿ ಹಲಗೆಯ ಒಂದು ಮೂಲೆ ನಾಲ್ಕು ಮಿಲಿಮೀಟರ್ ಎದ್ದು ನಿಂತಿತು, ಅದರ ಮೇಲಿದ್ದ ಪಾಯಿಂಟಿನಲ್ಲಿ ಪ್ರತಿ ಮೂರನೇ ವ್ಯಾಗನ್ ಹಳಿ ತಪ್ಪತೊಡಗಿತು. ಒಂದು ವಾರ ಪಾಯಿಂಟನ್ನೇ ಬೈದೆ, ಚಕ್ರಗಳನ್ನು ಅಳೆದೆ. ಕೊನೆಗೆ ಉಕ್ಕಿನ ಅಡಿಪಟ್ಟಿಯನ್ನು ನಿಲ್ಲಿಸಿ ಹಿಡಿದಾಗ ಅದರ ಅಡಿಯಿಂದ ಬೆಳಕು ಕಂಡಿತು. ಹಲಗೆಯ ಹಿಂಬದಿ ತಿರುಗಿಸಿ ನೋಡಿದರೆ ಮುದ್ರೆ ಐಎಸ್ 303, ಅಂದರೆ ಒಣ ಸೀಮೆಯ ಕಪಾಟಿಗೆ ಸರಿಹೋಗುವ ಸಾಧಾರಣ ದರ್ಜೆ. ಅಂಗಡಿಯವರು ಬದಲಾಯಿಸಿ ಕೊಡಲಿಲ್ಲ. ಸೀಳಿಸಿದ ಹಲಗೆಯನ್ನು ಯಾರು ತಾನೇ ವಾಪಸು ತೆಗೆದುಕೊಳ್ಳುತ್ತಾರೆ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮೀರಿ ಮಳೆ ಬೀಳುವ ಈ ಸೀಮೆಯಲ್ಲಿ, ಹಲಗೆ ಕೊಳ್ಳುವವರು ಮೊದಲು ಮುದ್ರೆ ನೋಡಿ, ಆಮೇಲೆ ಸೀಳಿಸಬೇಕು. ಹಲಗೆಯ ಎರಡೂ ಮೈಗೂ ಅಂಚುಗಳಿಗೂ ಬಣ್ಣ ಬಳಿಯಬೇಕು, ಕೆಳಗೆ ಅಡ್ಡಪಟ್ಟಿ ಕೊಡಬೇಕು. ಹೊಸ ಹಲಗೆಗೆ ಬದಲಾಯಿಸಿದ ಮೇಲೆ ಅದೇ ಪಾಯಿಂಟು ಒಂದು ವ್ಯಾಗನ್ನನ್ನೂ ಬೀಳಿಸಿಲ್ಲ.

ಕಂಟ್ರೋಲರ್ ಬಗ್ಗೆ ಒಂದು ಮಾತು. ಜಪಾನಿನ ಪೇಟೆಗಾಗಿ ಮಾಡಿದ ಸೆಟ್ಟಿನ ಕಂಟ್ರೋಲರ್ 100 ವೋಲ್ಟಿನದು. ನಮ್ಮ 230 ವೋಲ್ಟಿನ ಗೋಡೆ ಸಾಕೆಟ್ಟಿಗೆ ನೇರವಾಗಿ ಸಿಕ್ಕಿಸಿದರೆ ಅದು ಮತ್ತೆ ಉಪಯೋಗಕ್ಕೆ ಬರುವುದಿಲ್ಲ; ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ನನಗೆ ಸೆಟ್ಟು ತರಿಸಿಕೊಟ್ಟವರು ಇದನ್ನು ಹೇಳಿರಲಿಲ್ಲ, ಕಂಟ್ರೋಲರಿನ ತಳದ ಚೀಟಿಯನ್ನು ಓದುವ ಹಳೆಯ ಚಟ ನನ್ನನ್ನು ಉಳಿಸಿತು. ಹಳಿಗೆ ಬರುವುದು 12 ವೋಲ್ಟ್ ಡಿಸಿ ಮಾತ್ರವಾದ್ದರಿಂದ ಮಕ್ಕಳು ಹಳಿ ಮುಟ್ಟಿದರೆ ಭಯವಿಲ್ಲ.

ನಕ್ಷೆ ಬಿಡಿಸಲು ಕಂಪ್ಯೂಟರ್ ತಂತ್ರಾಂಶಗಳೂ ಇವೆ. ಎಕ್ಸ್‌ಟ್ರ್ಯಾಕ್‌ಕ್ಯಾಡ್ ಪೂರ್ತಿ ಉಚಿತ, ಕಲಿಯುವುದು ಸ್ವಲ್ಪ ತ್ರಾಸ. ಎನಿರೈಲ್ ಸುಲಭ, ಅದರ ಉಚಿತ ಆವೃತ್ತಿಯಲ್ಲಿ 50 ತುಂಡುಗಳವರೆಗೆ ಬಿಡಿಸಬಹುದು, ನಾಲ್ಕಡಿಯ ಹಲಗೆಗೆ ಅಷ್ಟು ಧಾರಾಳ. ನಾನು ಎರಡನ್ನೂ ಬಳಸಿದರೂ, ಕೊನೆಯ ತೀರ್ಮಾನ ಆದದ್ದು ನೆಲದ ಮೇಲೆ ಹಳೆಯ ದಿನಪತ್ರಿಕೆ ಹರಡಿ, ಹಲಗೆಯ ಗೆರೆ ಎಳೆದು, ಹಳಿ ಮತ್ತು ಬೋಗಿಗಳನ್ನೇ ಇಟ್ಟು ನೋಡಿದಾಗ. ಪರದೆಯ ಮೇಲೆ ಎಲ್ಲ ನಕ್ಷೆಗಳೂ ವಿಶಾಲವಾಗಿಯೇ ಕಾಣುತ್ತವೆ.

ಹಲಗೆ ಸಿದ್ಧವಿಲ್ಲದೆ, ಮಕ್ಕಳಿಗಾಗಿ ಮೊದಲ ಸಲ ಕೊಳ್ಳುವವರು ಅಂಡಾಕಾರದ ಸೆಟ್ಟನ್ನು ಧೈರ್ಯವಾಗಿ ಕೊಳ್ಳಬಹುದು. ಎರಡಡಿಯ ಹಲಗೆ ಆಗಲೇ ಇರುವವರು ಸೆಟ್ಟನ್ನು ಬಿಟ್ಟು, 248, 186, 124ರ ನೇರ ತುಂಡುಗಳನ್ನೂ ನಾಲ್ಕನೇ ನಂಬರಿನ ಪಾಯಿಂಟುಗಳನ್ನೂ ಬಿಡಿಬಿಡಿಯಾಗಿ ತರಿಸಿಕೊಂಡರೆ ದುಡ್ಡು ಉಳಿಯುತ್ತದೆ. ನನ್ನ ಸೆಟ್ಟಿನ 315 ತ್ರಿಜ್ಯದ ಎಂಟು ಬಾಗುಗಳು ಇನ್ನೂ ಪೆಟ್ಟಿಗೆಯಲ್ಲಿವೆ. ದಸರಾ ರಜೆಯಲ್ಲಿ ಮಕ್ಕಳು ಬಂದಾಗ ಅವನ್ನು ಜಗುಲಿಯ ಕೆಂಪು ನೆಲದ ಮೇಲೆ, ಕಂಬವೊಂದನ್ನು ಬಳಸಿ ಹಾಕಿಕೊಡುತ್ತೇನೆ.